ಓ ಎನ್ನದ ದಂಡೆ

ಮಲಪ್ರಭೆಯ ದಂಡೆಯ ಆಶ್ರಮದಲ್ಲೊಂದು ಕ್ಯಾನ್ಸರ್ ಆಸ್ಪತ್ರೆ. ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಕೂತೇ ಮುದುಕರಾದ ಗುರುಗಳು ಡಾಕ್ಟರ್ ಮುರಿಗೆಪ್ಪ. ಅವರ ಶಿಷ್ಯೆ ಕಸ್ತೂರಿ.

ಜೀವಕೋಶದ ಮೈಮೇಲಿನ ಗ್ರಾಹಕಗಳನ್ನು ಗುರುಗಳು ಕಿವಿ ಎನ್ನುತ್ತಿದ್ದರು. "ಗ್ರಾಹಕ ಅಂದ್ರ ಅಂಗಡಿಗೆ ಬಂದವರು. ಇವು ಕರದ್ರ ಓ ಅನ್ನೋ ಕಿವಿ."

ಒಳ್ಳೆಯ ಕೋಶಕ್ಕೂ ಅವು ಒಂದಿಷ್ಟು ಇರುತ್ತವೆ. ಕೆಲವು ಕ್ಯಾನ್ಸರುಗಳಲ್ಲಿ ಮೈತುಂಬ ಹುಟ್ಟಿ, ಕರೆಯದಿದ್ದರೂ ಓ ಎನ್ನುತ್ತ ಗಡ್ಡೆಯನ್ನು ಬೆಳೆಸುತ್ತವೆ. ಆ ಕಿವಿಯನ್ನೇ ಹಿಡಿಯುವ ಔಷಧವೊಂದಿದೆ. ಗಡ್ಡೆಯ ಚೂರಿಗೆ ಬಣ್ಣ ಹಾಕಿದಾಗ ಕೋಶದ ಅಂಚು ಕಂದಾದರೆ ಮಾತ್ರ ಅದು ನಾಟುತ್ತದೆ; ಇಲ್ಲದಿದ್ದರೆ ಬೇರೆ ಔಷಧ ಹುಡುಕಬೇಕು.

ಅವತ್ತು ಬೆಳಗ್ಗೆ ಕಸ್ತೂರಿ ಅಂಥ ಚೂರಿಟ್ಟ ಒಂದೇ ಗಾಜನ್ನು ನೋಡುತ್ತ ಕೂತಿದ್ದಳು. ನೀಲಿ ಮಂಜಿನಲ್ಲಿ ಮುಳುಗಿದ ಊರಿನ ಹಾಗಿದ್ದವು ಕೋಶಗಳು. ಅವಳು ಆ ಊರಿನ ಓಣಿ ಓಣಿ ಅಲೆದಳು.

ಕೊನೆಗೊಮ್ಮೆ ಕಂದು ಕಂಡಿತು. ಹೋದ ಜೀವ ಬಂದಂತಾಯಿತು. ವರದಿಯಲ್ಲಿ "ಇದೆ" ಎಂದು ಬರೆದಳು.

ಗುರುಗಳು ಬಂದು ಕಣ್ಣಿಟ್ಟು ನೋಡಿದರು. "ಕಂದು ಎಲ್ಲೈತಿ, ತಂಗಿ?"

"ಕೋಶದ ಒಳಗೈತ್ರಿ."

"ಅಂಚಿನ್ಯಾಗ?"

ಕಸ್ತೂರಿ ವರದಿಯನ್ನು ಮಡಚಿ ಕಿಸೆಗೆ ಹಾಕಿಕೊಂಡಳು.

"ಯಾರದಿದು?"

"ನಮ್ಮಕ್ಕಂದ್ರಿ."

ಗುರುಗಳು ಅವಳನ್ನು ಹೊಳೆಗೆ ಕರೆದೊಯ್ದರು. ಆಚೆ ದಂಡೆ ಮಂಜಿನಲ್ಲಿ ಕರಗಿಹೋಗಿತ್ತು.

"ಅಂಬಿಗರ ಬಸಣ್ಣಾ!" ಎಂದು ಕೂಗಿದರು.

ಉತ್ತರವಿಲ್ಲ. ಮತ್ತೆ ಕೂಗಿದರು. ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

"ಬಸಣ್ಣ ಮನ್ಯಾಗ ಅದಾನ್ರಿ," ಎಂದಳು ಕಸ್ತೂರಿ. "ಅಲ್ನೋಡ್ರಿ, ಮಂಜಿನ ಮ್ಯಾಲ ಅವನ ಒಲಿ ಹೊಗಿ ಏಳಾಕತ್ತೈತಿ."

"ಮನ್ಯಾಗ ಇದ್ರ ದೋಣಿ ಬರ್ತೈತೇನು? ದಂಡಿಗೆ ಬಂದು ಓ ಅನ್ನಬೇಕು. ನೀ ಸುಳ್ಳ ಬರದ್ರ, ನಿಮ್ಮಕ್ಕ ಬಾರದ ದೋಣಿ ಕಾಯ್ಕೋತ ಕೂಡ್ತಾಳ."

"ಗೊತ್ತಿತ್ರಿ. ಕಣ್ಣು ನನ್ನ ಮಾತು ಕೇಳಲಿಲ್ಲ."

ಅವಳು ವರದಿ ತೆಗೆದಳು. "ಇದೆ" ಎಂಬುದನ್ನು ಹೊಡೆದುಹಾಕಿ "ಇಲ್ಲ" ಎಂದು ಬರೆದಳು. ಬರೆದವಳೇ ಅತ್ತುಬಿಟ್ಟಳು.

"ನಾನ ಅಕ್ಕನ ಕೈ ಬಿಟ್ಟಂಗಾತಲ್ರಿ, ಗುರುಗಳ."

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟರು.

"ಹುಚ್ಚಿ, ಈ ಹೆಸರಿಗೆ ಓ ಅನ್ನಲಿಲ್ಲ, ಅಷ್ಟ. ಬಾ, ಇನ್ನೊಂದು ಹೆಸರು ಹಿಡದು ಕರಿಯೂಣು."