ಮಾಯುವ ಗಾಯ ಏಕೆ ಕೆಂಪು?

ಭೂಮಿ ಇನ್ನೂ ಹೊಸದಾಗಿದ್ದಾಗ ಯಾರ ಕೆಲಸ ಏನು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗಾಳಿರಾಯನಿಗಂತೂ ಏನೇನೂ ಗೊತ್ತಿರಲಿಲ್ಲ. ಸುಮ್ಮನೆ ಓಡಾಡಿಕೊಂಡಿದ್ದ, ಅಷ್ಟೆ.

ಹಾಗೆ ಓಡಾಡುವಾಗ ಜಾಲಿಯ ಕೊಂಬೆಯೊಂದನ್ನು ಮುರಿದು, ದುಂಡಿ ಎಂಬ ಎಮ್ಮೆಯ ತೊಡೆಯ ಮೇಲೆ ಕೆಡವಿದ. ಗಾಯವಾಯಿತು. ಗಾಳಿರಾಯನಿಗೆ ಅಯ್ಯೋ ಅನಿಸಿ ಊದಿದ. ಗಾಯ ಒಣಗಿ ಬಿರುಕು ಬಿಟ್ಟಿತು. ಇನ್ನೂ ಊದಿದ. ಇನ್ನೂ ಬಿರಿಯಿತು.

ಹುಣ್ಣಿಮೆ ಬಂತು, ಅಮಾವಾಸ್ಯೆ ಬಂತು, ಗಾಯ ಮಾಯಲಿಲ್ಲ. ಕಾಗೆ ಕುಕ್ಕೀತೆಂದು ದುಂಡಿ ಗಾಯವನ್ನು ಅಡಿಗೆ ಹಾಕಿಕೊಂಡು ಕೆಸರಿನಲ್ಲಿ ಮಲಗಿಬಿಟ್ಟಳು. ಎದ್ದರೆ ತಾನೇ ಮೇವು? ಹಾಲು ಬತ್ತಿತು. ಅವಳ ಎಳೆಗರು ಒಣ ಕೆಚ್ಚಲು ಚೀಪಿ ಚೀಪಿ ಸೊರಗಿತು.

ಗಾಳಿರಾಯ ಕೊಕ್ಕರೆಯನ್ನು ಕೇಳಿದ. ಗಾಯ ಮುಚ್ಚಿಡಬೇಕು ಎಂದಿತು. ಆಮೆಯನ್ನು ಕೇಳಿದ. ತೆರೆದಿಡಬೇಕು ಎಂದಿತು, ತಾನು ಮಾತ್ರ ಚಿಪ್ಪಿನೊಳಗೇ ಕೂತು. ಹೊಳೆಯನ್ನು ಕೇಳಿದ. ನನಗೆ ತಿಳಿಯದು, ಅವಳ ಮೈಯೊಳಗೂ ಒಂದು ಹೊಳೆ ಇದೆಯಂತೆ, ಅದನ್ನೇ ಕೇಳು ಎಂದಿತು.

ಒಳಗೆ ಹೋಗುವುದು ಎಲ್ಲಿಂದ? ಕಿವಿಯಲ್ಲಿ ನುಗ್ಗಿದ, ದಾರಿಯಿಲ್ಲ. ಕಡೆಗೆ ಮೂಗಿನಲ್ಲಿ ಜಾರಿದ. ಒಳಗೆ ನೆತ್ತರು ಹರಿಯುತ್ತಿತ್ತು. ಆಗ ಅದಕ್ಕೆ ಮಂಕು ಮಂಕು ಬಣ್ಣ. ಗಾಯಕ್ಕೆ ಯಾವ ದಾರಿ ಎಂದು ಗಾಳಿರಾಯ ಕೇಳಿದ.

"ನಾನೂ ಅಲ್ಲಿಗೇ ಹೊರಟವಳು. ಬರಿಗೈಲಿ ಹೋಗಿ ಏನು ಕಟ್ಟಲಿ? ನೀನು ಜೊತೆಗೆ ಬಾ. ಆದರೆ ದುಂಡಿ ಆ ದಾರಿಯನ್ನೇ ಅದುಮಿಕೊಂಡು ಮಲಗಿದ್ದಾಳಲ್ಲ," ಎಂದಳು ನೆತ್ತರಮ್ಮ.

ಗಾಳಿರಾಯ ಹೊರಗೆ ಬಂದು, ಒಂದು ಸಲ ಎದ್ದೇಳವ್ವ ಎಂದು ಬೇಡಿಕೊಂಡ.

"ಹೊರಗಿದ್ದೇ ಇಷ್ಟು ಮಾಡಿದವನು, ಒಳಗೆ ಬಂದು ಏನು ಮಾಡ್ತೀಯೋ?" ಎಂದಳು ದುಂಡಿ.

"ನನಗೂ ಗೊತ್ತಿಲ್ಲ," ಎಂದ ಗಾಳಿರಾಯ. ಪಾಪ, ನಿಜವನ್ನೇ ಹೇಳಿದ.

ದುಂಡಿ ಕರುವಿನ ಕಡೆ ನೋಡಿದಳು. ಅದಕ್ಕೆ ಕೂಗಲೂ ಶಕ್ತಿ ಇರಲಿಲ್ಲ. ಅವಳು ನಡುಗುತ್ತ ಎದ್ದು ನಿಂತಳು. ಕಾಗೆ ಹಾರಿ ಬಂತು. ಕರು ತೂರಾಡುತ್ತ ಬಂದು ಗಾಯದ ಪಕ್ಕವೇ ನಿಂತುಕೊಂಡಿತು. ಕಾಗೆ ಎರಡು ಸುತ್ತು ಹಾಕಿ ಹೋಯಿತು.

ದುಂಡಿ ಉದ್ದಕ್ಕೆ ಉಸಿರೆಳೆದಳು. ಗಾಳಿರಾಯ ಒಳಗೆ ಹೋಗಿ ನೆತ್ತರಮ್ಮನ ಬೆನ್ನೇರಿದ. ಏರಿದ ಕೂಡಲೇ ಅವಳು ಕೆಂಪಾದಳು. ಇಬ್ಬರೂ ಗಾಯಕ್ಕೆ ಹೋದರು. ಮುಟ್ಟಿದೆನೋ ಇಲ್ಲವೋ ಎಂದು ಗಾಳಿರಾಯನಿಗೆ ಅನುಮಾನ. ಹೊರಗೆ ಬಂದ, ಮತ್ತೆ ಒಳಗೆ ಹೋದ. ಎಷ್ಟೋ ದಿನ ಹಿಡಿಯಿತು. ಗಾಯದ ತಳದಲ್ಲಿ ಎಳೆ ಕೆಂಪು ಮಾಂಸ ಚಿಗುರಿ, ಮೆಲ್ಲಗೆ ಮುಚ್ಚಿಕೊಂಡಿತು. ದುಂಡಿ ಮೇಯಲು ಹೋದಳು, ಕರುವಿಗೆ ಹಾಲಾಯಿತು.

ಅದಕ್ಕೇ ಕಂದಾ, ನಿನ್ನ ಮಂಡಿಯ ಗಾಯ ಮಾಯುವಾಗ ಒಳಗೆ ಎಳೆ ಕೆಂಪು ಕಾಣುತ್ತದಲ್ಲ, ನೀನು ಎಳೆದುಕೊಂಡ ಉಸಿರು ಅಲ್ಲಿಯವರೆಗೂ ಹೋಗಿ ಕೆಲಸಕ್ಕೆ ಕೂತಿದೆ ಎಂದೇ ಅರ್ಥ.