ಖಾಲಿ ಕುರ್ಚಿಗೆ ಎರಡು ನಿಮಿಷ

ಕೇಳ್ರಪ್ಪಾ, ಮೂರು ತಾಲೂಕಿಗೆ ಬುದ್ಧಿ ಹೇಳಿದವನು ನಾನು. ನನ್ನ ಬುದ್ಧಿ ಕೇಳಿ ಕೆಟ್ಟವನು ಒಬ್ಬನೇ, ನನ್ನ ತಂಗಿ ಹಾಲವ್ವನ ಮಗ ಕೊಟ್ರ.

"ಅಣ್ಣಾ, ಮೂವತ್ತೆರಡಾಯ್ತು ಇವನಿಗೆ! ಇದೊಂದು ಸಂಬಂಧ ತಪ್ಪಿದ್ರೆ ಇನ್ಯಾರೂ ಹೆಣ್ಣು ಕೊಡಲ್ಲ" ಅಂತ ಹಾಲವ್ವ ಹಣೆ ಚಚ್ಚಿಕೊಂಡಳು.

ಹುಡುಗಿಯ ಅಪ್ಪ ರುದ್ರಮುನಿ ಮೇಷ್ಟ್ರು. ಅವರಿಗೊಂದು ಹುಚ್ಚು. ಭಾನುವಾರದ ಪೇಪರಿನ ನಗೆಚಿತ್ರ ಕತ್ತರಿಸಿ ಪುಸ್ತಕಕ್ಕೆ ಅಂಟಿಸೋದು, ಬಂದವರಿಗೆ ತೋರಿಸೋದು.

ಮೊದಲ ಭಾನುವಾರ ಹೋದೆವು. ಚಿತ್ರದಲ್ಲಿ ಯಜಮಾನಿ ಕೇಳ್ತಾಳೆ, "ಹಾಲು ಕಾಯ್ತಾ ಇದೆಯಾ?" ಒಲೆ ಮುಂದೆ ಕೂತ ಬೆಕ್ಕು ಅನ್ನುತ್ತೆ, "ಇಲ್ಲಮ್ಮ, ನಾನೇ ಕಾಯ್ತಾ ಇದೀನಿ!"

ಮೇಷ್ಟ್ರು ನಕ್ಕರು, ನಾನು ನಕ್ಕೆ. ಕೊಟ್ರ ಮಾತ್ರ, "ಬೆಕ್ಕು ಮಾತಾಡಲ್ವಲ್ಲ ಮೇಷ್ಟ್ರೇ?" ಅಂದ.

ಮೇಷ್ಟ್ರ ಮುಖ ಸಪ್ಪಗಾಯಿತು. "ಇನ್ನೊಂದು ವಾರ ನೋಡೋಣ" ಅಂದರು.

ದಾರೀಲಿ ಬೈದೆ. "ಲೇ ಪೆದ್ದು! ಮೇಷ್ಟ್ರು ಪೇಪರ್ ತೋರಿಸಿದ್ರೆ ಹೊಟ್ಟೆ ಹಿಡ್ಕೊಂಡು ನಗಬೇಕು!"

"ಆಗಲಿ ಮಾವ."

ಎರಡನೇ ಭಾನುವಾರ. ಬೆಕ್ಕಿನ ಚಿತ್ರ ಬರೆಯುತ್ತಿದ್ದವರು ಆ ವಾರ ತೀರಿಹೋಗಿದ್ದರು. ಅದೇ ಪುಟದಲ್ಲಿ ಕತ್ತೆಯ ನಗೆಚಿತ್ರ ಬರೆಯುವ ಇನ್ನೊಬ್ಬರು ಗೌರವಕ್ಕೆಂದು ತಮ್ಮ ಕತ್ತೆಯ ಬಾಯಿಗೆ ಹೂವು ಕೊಟ್ಟು, ಖಾಲಿ ಕುರ್ಚಿಯ ಮುಂದೆ ತಲೆ ತಗ್ಗಿಸಿ ನಿಲ್ಲಿಸಿದ್ದರು. ಮೇಷ್ಟ್ರು ಕಣ್ಣೊರೆಸಿಕೊಂಡು ಅದನ್ನ ತೋರಿಸಿದರು.

ಕೊಟ್ರ ಹೊಟ್ಟೆ ಹಿಡ್ಕೊಂಡ. ನಕ್ಕ. ಚಾಪೆ ಮೇಲೆ ಉರುಳಾಡಿ ನಕ್ಕ!

ಹಾಲವ್ವ ನಾಚಿಕೆಯಿಂದ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ನಾನು ಕೈ ಮುಗಿದು ಇನ್ನೊಂದು ಭಾನುವಾರ ಬೇಡಿಕೊಂಡೆ.

ದಾರೀಲಿ ಮತ್ತೆ ಬೈದೆ. "ಲೇ ಕತ್ತೆ! ಖಾಲಿ ಕುರ್ಚಿ ಕಂಡ್ರೆ ಎದ್ದು ನಿಲ್ಲು. ಕಣ್ಣು ಮುಚ್ಚು. 'ದೊಡ್ಡವರು ಹೋಗಿಬಿಟ್ರು' ಅನ್ನು. ಎರಡು ನಿಮಿಷ ಬಾಯಿ ಮುಚ್ಚು, ಬೇರೆಯವರ ಬಾಯೂ ಮುಚ್ಚಿಸು!"

"ಆಗಲಿ ಮಾವ."

ಮೂರನೇ ಭಾನುವಾರ. ಒಂದೇ ಪುಟ, ಎರಡು ಚಿತ್ರ, ಬರೆದವರು ಇಬ್ಬರು. ಎರಡರಲ್ಲೂ ಆಡು ಕೊಡೆ ತಿನ್ನುತ್ತಿದೆ! "ಇಬ್ಬರೂ ಮಾತಾಡ್ಕೊಂಡಿಲ್ಲ, ನೋಡ್ರೀ ಹೆಂಗೆ ಕೂಡಿಬಂತು!" ಅಂತ ಮೇಷ್ಟ್ರು ಕುಣಿದರು. ಕೊಟ್ರನೂ ನಕ್ಕ, ಸರಿಯಾಗಿ ನಕ್ಕ. "ಪರವಾಗಿಲ್ಲ ಹುಡುಗ" ಅಂದರು ಮೇಷ್ಟ್ರು. ನನ್ನ ಮೀಸೆ ತಾನೇ ಮೇಲೆದ್ದಿತು. ಹುಡುಗಿ ಕಾಫಿ ತಂದಳು.

ಅಷ್ಟರಲ್ಲಿ, ಪಕ್ಕದ ಕುರ್ಚೀಲಿ ಕೂತಿದ್ದ ಮೇಷ್ಟ್ರ ಅಪ್ಪ ಚೊಂಬು ಹಿಡಿದು ಹಿತ್ತಲಿಗೆ ಎದ್ದುಹೋದರು. ಅವರ ಕುರ್ಚಿ ಖಾಲಿ.

ಕೊಟ್ರ ಎದ್ದ. ಕಣ್ಣು ಮುಚ್ಚಿದ. "ಅಯ್ಯೋ, ದೊಡ್ಡವರು ಹೋಗಿಬಿಟ್ರು!"

ಒಳಗಿದ್ದ ಅಜ್ಜಿ ಕೇಳಿಸಿಕೊಂಡು ಎದೆ ಬಡಿದುಕೊಂಡು ಹೊರಗೆ ಬಂದರು. ಬೀದಿಯವರು ನುಗ್ಗಿದರು. "ಶ್! ಯಾರೂ ಮಾತಾಡಬೇಡಿ!" ಅಂದ ಕೊಟ್ರ. ಎಲ್ಲರೂ ತಲೆ ತಗ್ಗಿಸಿ ನಿಂತರು.

ಅಜ್ಜ ಚೊಂಬು ಹಿಡಿದು ವಾಪಸು ಬಂದರು. "ಯಾರು ಹೋದ್ರಪ್ಪಾ?"

"ನೀವೇ ಅಜ್ಜಾ. ಸುಮ್ನಿರಿ, ಎರಡು ನಿಮಿಷ ಆಗಿಲ್ಲ!"

ಪಾಪ, ಅಜ್ಜನೂ ಚೊಂಬು ಕೆಳಗಿಟ್ಟು ಕಣ್ಣು ಮುಚ್ಚಿ ನಿಂತರು.

ಮೇಷ್ಟ್ರು ಪುಸ್ತಕ ಪಟ್ಟನೆ ಮುಚ್ಚಿದರು. "ಈ ಸಂಬಂಧ ಬೇಡ! ಇವನಿಗೆ ಇದನ್ನೆಲ್ಲ ಕಲಿಸಿದ್ದು ಯಾರ್ರೀ?"

ಕೊಟ್ರ ಮುಚ್ಚಿದ ಕಣ್ಣು ತೆಗೆಯಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ನೆಟ್ಟಗೆ ನನ್ನ ಕಡೆ ಬೆರಳು ಮಾಡಿದ.