ಕೆಲಸ ಕಳೆದುಕೊಂಡ ಕೋಲು

ಆ ಊರಿನ ಕಸಾಯಿಖಾನೆಯವರಿಗೆ ಕರುಣೆ ಹುಟ್ಟಿದೆ ಎಂದು ಆ ವರ್ಷ ಎಲ್ಲ ಕುರಿಗಳೂ ನಂಬಿದ್ದವು. ಮೊದಲೆಲ್ಲ ಅವುಗಳನ್ನು ಹೊಡೆದು, ಹಿಂಗಾಲು ಹಿಡಿದು ಲಾರಿಯಿಂದ ಕೆಳಕ್ಕೆ ಎಸೆಯುತ್ತಿದ್ದರು. ಈಗ ಇಳಿಯಲು ಹಲಗೆ ಹಾಕಿ, ಕಾಲು ಜಾರದಂತೆ ಅದರ ಮೇಲೆ ಹುಲ್ಲು ಹರಡುತ್ತಿದ್ದರು. ಹೊಡೆಯುವ ಕೋಲು ಗೋಡೆಗೆ ಒರಗಿ ಸುಮ್ಮನೆ ನಿಂತಿತ್ತು.

ಆದರೂ ಒಂದು ಕುರಿಮರಿ ಹಲಗೆಯ ತುದಿಯಲ್ಲಿ ಹಿಂಜರಿಯಿತು. ಹಿಂಡಿನ ಹಿರಿಯ ಟಗರು ಗದರಿತು: "ಇಳಿಯೇ ತಾಯಿ. ನಮ್ಮ ಕಾಲಿಗೇ ಇಷ್ಟು ಮರ್ಯಾದೆ ಕೊಡುವವರು ಕುತ್ತಿಗೆಗೆ ಏನು ಮಾಡಿಯಾರು?"

ಮರಿಗೆ ಮಾತು ಸರಿಯೆನಿಸಿತು. ಅದು ಇಳಿಯಿತು, ಅದರ ಹಿಂದೆಯೇ ಇಡೀ ಹಿಂಡು ಇಳಿದು ಸಾಲಾಗಿ ಒಳಗೆ ಹೋಯಿತು.

ಕೊನೆಯಲ್ಲಿ ಇಳಿದ ಟಗರು ಕೋಲಿನ ಮುಂದೆ ನಿಂತಿತು. "ಏನು ಕೋಲಪ್ಪ, ಕೆಲಸ ಹೋಯಿತಂತೆ?"

"ಹೋಯಿತು, ಯಜಮಾನರೇ."

"ನಮ್ಮವರ ಗೋಳು ಕೊನೆಗೂ ಇವರ ಮನಸ್ಸಿಗೆ ತಟ್ಟಿತು, ನೋಡು. ನಿನಗೆ ಬೇಜಾರಾಗಿರಬೇಕು."

"ಗೋಳಿನ ವಿಷಯ ಇಲ್ಲಿ ಯಾರೂ ಎತ್ತಲಿಲ್ಲ," ಎಂದಿತು ಕೋಲು. "ನನ್ನ ಏಟು ಬಿದ್ದ ಕಡೆ ಮಾಂಸ ಕಪ್ಪಾಗುತ್ತಿತ್ತು. ಗಿರಾಕಿಗಳು ಬೇಡ ಎಂದರು."